ಪಂಪಿನ ಪಾಲು

ಬಂಗಾರಪೇಟೆಯಿಂದ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ರಾಬರ್ಟ್‌ಸನ್‌ಪೇಟೆವರೆಗೂ ಮೇಲಿನ ಕಂಬಿ ಹಿಡಿದುಕೊಂಡೇ ಬಂದೆ. ಏಪ್ರಿಲ್ ಬಿಸಿಲು, ಬೆವರಿದ ಕೈ, ಬಣ್ಣ ಹೋದ ಹಳೇ ಕಂಬಿ. ಇಳಿದು ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ ಅಂಗೈ ಮೂಗಿನ ಹತ್ತಿರ ಬಂತು, ಅಷ್ಟೇ. ಬಸ್ ಸ್ಟ್ಯಾಂಡಿನ ಮಧ್ಯೆ ನಿಂತುಬಿಟ್ಟೆ. ಹಿಂದಿನಿಂದ ಬಂದ ಆಟೋದವನು ತಮಿಳಿನಲ್ಲಿ ಬೈದುಕೊಂಡು ಹೋದ. ಒದ್ದೆ ಕಬ್ಬಿಣದ ವಾಸನೆ ಅದು. ಕೈಪಂಪು ಹೊಡೆದು ಬೆಳೆದವರಿಗೆ ನಾನು ವಿವರಿಸಬೇಕಾಗಿಲ್ಲ. ನಲ್ಲಿ ತಿರುಗಿಸಿ ಬೆಳೆದವರಿಗೆ ಎಷ್ಟು ವಿವರಿಸಿದರೂ ಗೊತ್ತಾಗುವುದಿಲ್ಲ. ಸೋಪು ಹಾಕಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಮುದ್ದೆ ಮುರಿಯುವಾಗ ಮುದ್ದೆಯ ಜೊತೆ ಒಳಗೆ ಹೋಗುತ್ತಿತ್ತು, ಶಾಲೆಯಲ್ಲಿ ಸ್ಲೇಟಿಗೆ ಹತ್ತುತ್ತಿತ್ತು, ಕೆನ್ನೆಯ ಕೆಳಗೆ ಕೈ ಇಟ್ಟು ಮಲಗಿದರೆ ಬೆಳಗಿನವರೆಗೂ ಜೊತೆಯಲ್ಲೇ ಇರುತ್ತಿತ್ತು. ನಲವತ್ತು ವರ್ಷ ಆಯಿತು ಆ ಪಂಪಿನ ಹಿಡಿ ಬಿಟ್ಟು. ಕೈ ಮಾತ್ರ ಮರೆತಿಲ್ಲ.

ಬಸ್ಸಿನಲ್ಲೇ ಎರಡು ಸಲ ಫೋನು ಹೊಡೆದುಕೊಂಡಿತ್ತು, ಗದ್ದಲದಲ್ಲಿ ಎತ್ತಿರಲಿಲ್ಲ. ನೋಡಿದರೆ ಮಂಜ. ನನ್ನ ಚಿಕ್ಕಪ್ಪನ ಮಗ, ಊರಿನಲ್ಲಿ ನೀರುಗಂಟಿ. ಅಂದರೆ ಪಂಚಾಯ್ತಿಯ ಮೋಟಾರು ಹಾಕಿ ಮನೆಮನೆಗೆ ನೀರು ಬಿಡುವ ಕೆಲಸ ಅವನದು. ನಾನೇ ತಿರುಗಿ ಫೋನು ಮಾಡಿದೆ.

"ಅಕ್ಕಾ, ಎಲ್ಲಿದ್ದೀಯಾ? ಮುತ್ತಾತನ ಮಂಟಪ ಬುಧವಾರ ಕೀಳ್ತಾರೆ. ಜೆಸಿಬಿಗೆ ಏಳ್ಬುಟ್ಟವ್ರೆ."

"ಯಾರೋ ಹೇಳಿದ್ದು ನಿಂಗೆ?"

"ಯಾರ್ ಏಳ್ಬೇಕು? ಅಲ್ಲಿ ಶುದ್ಧ ನೀರಿನ ಘಟಕ ಬತ್ತೈತೆ, ಪೈಪ್ ಎಳ್ಕೊಡೋನೇ ನಾನು. ಆಮ್ಯಾಕೆ ನೀನು ನನ್ ಮ್ಯಾಲೆ ಎಗರಾಡ್ಬೇಡ, ಅದಕ್ಕೇ ಮುಂಚೆನೇ ಏಳ್ತಾ ಇದ್ದೀನಿ."

ಮಂಟಪ ಅಂದರೆ ಕಲ್ಲಿನ ಕೆತ್ತನೆ, ದೇವರ ಗುಡಿ ಅಂತೆಲ್ಲ ಅಂದುಕೊಳ್ಳಬೇಡಿ. ನಾಲ್ಕು ಕಬ್ಬಿಣದ ಕಂಬ, ಮೇಲೊಂದು ಇಳಿಜಾರು ತಗಡು, ಕೆಳಗೆ ಕಲ್ಲುಚಪ್ಪಡಿ, ನಡುವೆ ಒಂದು ಪಂಪು. ನಮ್ಮೂರು ಬೇತಮಂಗಲದ ದಾರಿಯಲ್ಲಿ, ಕೆರೆಯ ಕೆಳಗಿನ ಸಣ್ಣ ಊರು. ಬ್ರಿಟಿಷರ ಕಾಲದಲ್ಲಿ ಊರ ಸೇದುವ ಬಾವಿಗೆ ಚಪ್ಪಡಿ ಮುಚ್ಚಿ ಮೇಲೆ ಎರಕದ ಪಂಪು ಕೂರಿಸಿದ್ದರಂತೆ. ನೀವು ನೋಡಿರುವ ಬೋರಿಂಗ್ ಅಲ್ಲ, ಅದಕ್ಕಿಂತ ಹಳೆಯದು, ಆನೆಯ ಸೊಂಡಿಲಿನ ಹಾಗೆ ಬಾಯಿ ಬಗ್ಗಿಸಿಕೊಂಡಿದ್ದು. ಮೈಮೇಲೆ ಇಂಗ್ಲಿಷ್ ಅಕ್ಷರಗಳು ಉಬ್ಬಿಕೊಂಡಿದ್ದವು. ನಾನು ಎ, ಬಿ, ಸಿ, ಡಿ ಕಲಿತದ್ದು ಮೇಷ್ಟರಿಂದಲ್ಲ, ಆ ಪಂಪಿನ ಹೊಟ್ಟೆಯ ಮೇಲೆ ಬೆರಳಾಡಿಸಿ. ನಮ್ಮ ಮುತ್ತಾತ ಮೈನ್ಸಿನಲ್ಲಿ, ಅಂದರೆ ಚಿನ್ನದ ಗಣಿಯಲ್ಲಿ, ಕೆಲಸಕ್ಕಿದ್ದ. ಸವೆದುಹೋಯಿತು ಅಂತ ಕಂಪನಿಯವರು ಪಕ್ಕಕ್ಕೆ ಎಸೆದಿದ್ದ ಟ್ರಾಲಿ ಹಳಿಗಳನ್ನು ಕೇಳಿ ಪಡೆದು, ಎತ್ತಿನ ಗಾಡಿಯಲ್ಲಿ ಊರಿಗಾಂನಿಂದ ತಂದು, ನಾಲ್ಕು ಕಂಬ ನೆಟ್ಟು ಸೂರು ಹಾಕಿದ್ದು ಅವನೇ. ನಮ್ಮ ಮನೆಯಲ್ಲಿ ಈ ಕಥೆ ರಾಮಾಯಣಕ್ಕಿಂತ ಹೆಚ್ಚು ಸಲ ನಡೆಯುತ್ತಿತ್ತು.

ಸೂರು ಹಾಕಿದ್ದು ಜನರಿಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಂಪಿನ ಒಳಗೆ ಒಂದು ತೊಗಲಿನ ಬಿಲ್ಲೆ ಇರುತ್ತಿತ್ತು, ಅಂಗೈ ಅಗಲದ್ದು. ಅದು ಒದ್ದೆಯಾಗಿದ್ದರೆ ಉಬ್ಬಿ ಕೊಳವೆಗೆ ಬಿಗಿಯಾಗಿ ಕೂತು ನೀರನ್ನು ಮೇಲಕ್ಕೆಳೆಯುತ್ತದೆ, ಒಣಗಿದರೆ ಸುರುಟಿಕೊಂಡು ಬರೀ ಗಾಳಿ ಎಳೆಯುತ್ತದೆ. ನಮ್ಮ ಕಡೆಯ ಬಿಸಿಲಿಗೆ ಎರಕದ ಪಂಪು ಕಾದು ಒಳಗಿನ ತೊಗಲು ಮಧ್ಯಾಹ್ನಕ್ಕೇ ಒಣಗಿಹೋಗುತ್ತಿತ್ತಂತೆ. ಆ ತೊಗಲಿಗಾಗಿ ನೆರಳು. ಆಮೇಲೆ ಆ ನೆರಳಿನಲ್ಲಿ ಹೆಂಗಸರು ನಿಂತರು, ಹರಟೆ ಬಂತು, ಜಗಳ ಬಂತು, ಹೆಣ್ಣು ಗಂಡು ನೋಡುವುದೂ ಅಲ್ಲೇ ಬಂತು. ಅದೆಲ್ಲ ಬಡ್ಡಿ, ಅಸಲು ತೊಗಲಿನದು.

ಎಷ್ಟೇ ನೆರಳಿದ್ದರೂ ರಾತ್ರಿಯೆಲ್ಲ ಸುಮ್ಮನಿದ್ದರೆ ನೀರು ಕೆಳಗಿಳಿದುಹೋಗಿ ಬೆಳಗ್ಗೆ ತೊಗಲು ಒಣಗಿರುತ್ತಿತ್ತು. ಅದಕ್ಕೊಂದು ಕಟ್ಟಳೆ. ಸಂಜೆ ಕಟ್ಟಕಡೆಗೆ ನೀರು ಹಿಡಿದವರು ಒಂದು ಮಡಕೆ ನೀರು ತುಂಬಿಸಿ ಮಂಟಪದ ಮೂಲೆಯ ಕಲ್ಲಿನ ಮೇಲೆ ಇಟ್ಟು ಹೋಗಬೇಕು. ಬೆಳಗ್ಗೆ ಮೊದಲು ಬಂದವರು ಅದನ್ನು ಪಂಪಿನ ತಲೆಯಲ್ಲಿ ಸುರಿದು, ಅದು ಕುಡಿದು ಮುಗಿಸುವುದರೊಳಗೆ ದಬದಬ ಹಿಡಿ ಹೊಡೆಯಬೇಕು. ಎಂಟು ಹತ್ತು ಸಲ ಗೊರಗೊರ ಅಂದು, ಆಮೇಲೆ ಒಳಗೆಲ್ಲೋ ಯಾರೋ ಉಸಿರೆಳೆದುಕೊಂಡ ಹಾಗಾಗಿ, ಹಿಡಿ ಕೈಗೆ ಭಾರವಾಗಿ, ತಣ್ಣನೆಯ ನೀರು ಭಳಕ್ಕನೆ ಬೀಳುತ್ತಿತ್ತು. ಆ ಭಾರ ಕೈಗೆ ಸಿಗುವ ಗಳಿಗೆ ಇದೆಯಲ್ಲ, ಅದಕ್ಕಾಗಿ ನಾವು ಮಕ್ಕಳು ಕಿತ್ತಾಡುತ್ತಿದ್ದೆವು. ಆ ಮಡಕೆಯ ನೀರಿಗೆ ಪಂಪಿನ ಪಾಲು ಅಂತ ಹೆಸರು. ಬಾಯಾರಿ ಪ್ರಾಣ ಹೋಗುತ್ತಿದ್ದರೂ ಪಾಲು ಮುಟ್ಟುವ ಹಾಗಿಲ್ಲ. ಯಾರಾದರೂ ಇಡಲು ಮರೆತರೆ ಬೆಳಗ್ಗೆ ಊರಿಗೆ ಊರೇ ಕೊಡ ಹಿಡಿದು ನಿಂತಿರಬೇಕು, ಒಬ್ಬರು ಕೆರೆಗೆ ಓಡಿ ನೀರು ತಂದು ಪಂಪಿಗೆ ಕುಡಿಸುವ ತನಕ.

ನಮ್ಮ ಮನೆ ಪಂಪಿಗೆ ಎದುರೇ. ಮಣ್ಣಿನ ಗೋಡೆ, ನಾಡಹೆಂಚು, ಮುಂದೆ ಉದ್ದನೆಯ ಜಗುಲಿ. ಒಳಗೆ ಕಾಲಿಟ್ಟರೆ ಮೊದಲು ಕತ್ತಲೆ, ಆಮೇಲೆ ರಾಗಿ ಹಿಟ್ಟಿನ ವಾಸನೆ, ಆಮೇಲೆ ಗೂಟಕ್ಕೆ ನೇತುಹಾಕಿದ ತಾತನ ಮೈನ್ಸ್ ಕೋಟಿನ ವಾಸನೆ. ಬೆವರು, ಗ್ರೀಸು, ಕೆಳಗಿನ ಆಳದ, ಬಂಡೆ ಸಿಡಿಸುವ ಒಂಥರಾ ಮದ್ದಿನ ವಾಸನೆ. ಅಜ್ಜಿ ಆ ಕೋಟನ್ನು ದೇವರ ಮನೆಯ ಕಡೆ ಬರಲು ಬಿಡುತ್ತಿರಲಿಲ್ಲ. "ಭೂಮಿ ಹೊಟ್ಟೆ ಒಳಕ್ಕೆ ಓಗಿ ಬಂದಿರೋದು, ಯಾರ್ ಯಾರ್ನ ಸವರ್ಕೊಂಡ್ ಬಂದೈತೋ" ಅನ್ನುತ್ತಿದ್ದಳು. ಅಜ್ಜಿಯ ಕೈಯಲ್ಲಿ ಯಾವಾಗಲೂ ಒಂದು ಹಿತ್ತಾಳೆ ಬಿಂದಿಗೆ. ಹುಣಸೆಹಣ್ಣು ಹಚ್ಚಿ ಅದನ್ನು ಎಷ್ಟು ತಿಕ್ಕುತ್ತಿದ್ದಳು ಅಂದರೆ, ಅದರಲ್ಲಿ ನನ್ನ ಮುಖ ಉಬ್ಬಿಕೊಂಡು ಕಾಣಿಸುತ್ತಿತ್ತು. ಮುತ್ತಾತ ಸೂರು ಹಾಕಿದ್ದರಿಂದ ಪಂಪಿನ ಯಜಮಾನಿಕೆ ತನ್ನದು ಅಂತ ಅವಳ ಲೆಕ್ಕ. ಬೆಳಗ್ಗೆ ಪಾಲು ಸುರಿಯುವವಳು ಅವಳೇ. ಬೇರೆ ಯಾರಾದರೂ ಮೊದಲು ಬಂದು ಸುರಿದುಬಿಟ್ಟರೆ ಆ ದಿನ ಸಾರಿಗೆ ಉಪ್ಪು ಹೆಚ್ಚು. ತಾತ ಮಾತು ಕಮ್ಮಿ. ಸಂಜೆ ಸೈಕಲ್ ಬೆಲ್ಲು ಕೇಳಿದರೆ ಸಾಕು, ನಾನು ಎಲ್ಲಿದ್ದರೂ ಓಡುತ್ತಿದ್ದೆ. ಊರಿಗಾಂನ ಬೇಕರಿಯಿಂದ ಪೇಪರಿನಲ್ಲಿ ಸುತ್ತಿದ ಬನ್ನು ತರುತ್ತಿದ್ದ, ಒಳಗೆ ಕೆಂಪು ಚೆರ್ರಿ ಇರುವ ಬನ್ನು.

ಇಲ್ಲಿಯವರೆಗೆ ಬರೆದದ್ದು ಓದಿ ನಿಮಗೆ ಚೆನ್ನಾಗನಿಸಿರಬೇಕು. ನನಗೂ ಹಾಗೇ ಅನಿಸುತ್ತದೆ. ಅದೇ ತೊಂದರೆ.

ಮಂಟಪದ ಪಡುವಣ ಬದಿಗೆ, ಸೂರಿನ ಅಂಚಿನಿಂದ ಎರಡು ಮಾರು ಆಚೆ ಒಂದು ದಪ್ಪ ಕಲ್ಲಿತ್ತು. ಆಚೆ ಕೇರಿಯವರು ಕೊಡ ತಂದರೆ ಆ ಕಲ್ಲಿನ ಮೇಲೆ ಇಟ್ಟು ನಿಲ್ಲಬೇಕು. ಸೂರಿನ ಕೆಳಗೆ ಬರುವ ಹಾಗಿಲ್ಲ, ಹಿಡಿ ಮುಟ್ಟುವ ಹಾಗಿಲ್ಲ. ಒಳಗಿದ್ದ ಯಾರಾದರೂ ಮನಸ್ಸು ಮಾಡಿ, ತಮ್ಮ ಬಿಂದಿಗೆಯಲ್ಲಿ ಹಿಡಿದು, ತಗುಲದ ಹಾಗೆ ಮೇಲಿನಿಂದ ಸುರಿಯಬೇಕು. ಮಾರ್ಚಿನ ಬಿಸಿಲಿನಲ್ಲಿ ಆ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಗಂಟೆಗಟ್ಟಲೆ ನಿಂತಿರುವುದನ್ನು ನಾನು ದಿನಾ ನೋಡಿದ್ದೇನೆ. ನೆರಳಿನಲ್ಲಿ ನಿಂತು ನೋಡಿದ್ದೇನೆ. ಅದು ನನಗೆ ವಿಚಿತ್ರ ಅಂತ ಅನಿಸಲೇ ಇಲ್ಲ, ನೀರು ಕೆಳಗಿದೆ, ಬೆಟ್ಟ ಮೇಲಿದೆ ಅನ್ನುವ ಹಾಗೆ.

ಅಲ್ಲಿ ನಿಲ್ಲುತ್ತಿದ್ದವಳು ಸರೋಜ. ನನ್ನದೇ ವಯಸ್ಸು, ಒಂದೇ ಕ್ಲಾಸು, ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಅವರಪ್ಪ ಮುನಿಯಪ್ಪ. ಪಂಪಿನ ಒಳಗಿನ ಆ ತೊಗಲಿನ ಬಿಲ್ಲೆ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಸಿ, ಹದ ಮಾಡಿ ಕೂರಿಸುತ್ತಿದ್ದವನು ಅವನೇ. ಅವನನ್ನು ಬಿಟ್ಟರೆ ಸುತ್ತ ನಾಲ್ಕು ಊರಿನಲ್ಲಿ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ. ಅಂದರೆ ನಮ್ಮ ಬಿಂದಿಗೆಗೆ ಬಿದ್ದ ಪ್ರತಿ ಹನಿಯೂ ಮುನಿಯಪ್ಪನ ತೊಗಲನ್ನು ದಾಟಿಕೊಂಡೇ ಬಂದದ್ದು. ಒಂದು ಸಲ ಅಜ್ಜಿಯನ್ನು ಕೇಳಿದ್ದೆ. "ಅಜ್ಜೀ, ಅವ್ರು ಮುಟ್ಟಿದ್ ತೊಗಲು ಒಳಗೈತಲ್ಲ, ಅದಾಗುತ್ತಾ?"

ಅಜ್ಜಿ ಬಿಂದಿಗೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಒಳಗಡೇದು ಒಳಗೆ, ಒರಗಡೇದು ಒರಗೆ. ಬಾಯ್ ಮುಚ್ಕೊಂಡು ನೀರ್ ಒಡಿ."

ತೊಗಲು ಬದಲಾಯಿಸುವ ದಿನ ಮಾತ್ರ ಮುನಿಯಪ್ಪ ಸೂರಿನ ಕೆಳಗೆ ಬರಬಹುದಿತ್ತು. ಪಂಪು ಬಿಚ್ಚಿದ ಮೇಲೆ ಅದು ಪಂಪಲ್ಲವಂತೆ, ಬರೀ ಕಬ್ಬಿಣವಂತೆ. ಅವನು ಹೋದ ಮೇಲೆ ಅಜ್ಜಿ ಅರಿಶಿನದ ನೀರು ಹಾಕಿ ಚಪ್ಪಡಿ ತೊಳೆದರೆ ಮತ್ತೆ ಪಂಪು ಆಗಿಬಿಡುತ್ತಿತ್ತು.

ನನಗೆ ಹತ್ತು ವರ್ಷ ಆಗ. ಬೇಸಿಗೆ, ಸಂಜೆ. ಎಲ್ಲರೂ ನೀರು ಹಿಡಿದುಕೊಂಡು ಹೋಗಿದ್ದರು. ಕೊನೆಯವಳು ನಾನು, ಕಲ್ಲಿನ ಹತ್ತಿರ ಸರೋಜ ಒಬ್ಬಳೇ. ಅವಳ ಕೊಡಕ್ಕೆ ನೀರು ಸುರಿದು ಮುಗಿಸಿದ್ದೆ, ಪಾಲಿನ ಮಡಕೆ ತುಂಬಿಸುವುದು ಬಾಕಿ ಇತ್ತು. ಆಗ ತಿರುವಿನಲ್ಲಿ ತಾತನ ಸೈಕಲ್ ಬೆಲ್ಲು ಕೇಳಿಸಿತು.

"ಲೇ ಸರೋಜೀ, ನಿನ್ ಕೊಡದಿಂದ್ಲೇ ಆ ಮಡಕೆಗೆ ಉಯ್ದ್ಬುಡೇ. ನಾನ್ ಓಗ್ತೀನಿ."

"ನಾನಾ? ನಾನ್ ಒಳಕ್ ಬರ್ಬಾರ್ದಲ್ಲೇ."

"ಯಾರೈದಾರೆ ನೋಡೋಕೆ? ಉಯ್ಯೇ ಸುಮ್ನೆ, ನಾಳೆ ನಿಂಗೂ ಬನ್ ಕೊಡ್ತೀನಿ."

ಹಿಂದೆ ತಿರುಗಿಯೂ ನೋಡದೆ ಓಡಿದೆ. ಬನ್ನು ತಿಂದೆ. ಚೆರ್ರಿ ಕೊನೆಗೆ ಉಳಿಸಿಕೊಂಡು ತಿಂದೆ. ಸುಳ್ಳೇಕೆ ಹೇಳಲಿ, ಸರೋಜನಿಗೆ ಅಂತ ಒಂದು ಚೂರೂ ಎತ್ತಿಡಲಿಲ್ಲ.

ಮರುದಿನ ಬೆಳಗ್ಗೆ ಅಜ್ಜಿ ಪಾಲು ಸುರಿದು ಹಿಡಿ ಹೊಡೆದಳು. ಗೊರಗೊರ ಅಂದಿತು. ಇನ್ನೂ ಹೊಡೆದಳು. ಪಂಪು ಮಡಕೆ ನೀರನ್ನೆಲ್ಲ ಕುಡಿದು ಸುಮ್ಮನಾಯಿತು. ಮನೆಯಿಂದ ಒಂದು ಬಿಂದಿಗೆ ತಂದು ಸುರಿದಳು, ಅದನ್ನೂ ಕುಡಿಯಿತು. ಅಷ್ಟು ಹೊತ್ತಿಗೆ ಇಪ್ಪತ್ತು ಮೂವತ್ತು ಜನ ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಯಾರೋ ಕೇಳಿದರು, ನಿನ್ನೆ ಪಾಲು ಇಟ್ಟದ್ದು ಯಾರು ಅಂತ. ಅಜ್ಜಿ ನನ್ನ ಕಡೆ ತಿರುಗಿದಳು.

"ನೀನೇ ತಾನೇನೇ ತುಂಬ್ಸಿದ್ದು? ಏನ್ ಕಸ ಆಕಿದ್ದೆ ಒಳಕ್ಕೆ?"

ಪಂಪು ಕೆಡಿಸಿದ್ದು ನಾನೇ ಅಂತ ಆಗಿಬಿಡುತ್ತದಲ್ಲ ಅನ್ನುವ ಹೆದರಿಕೆ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದ್ದು ಒಂದೇ ಮಾತು.

"ಸರೋಜ."

ಮುನಿಯಪ್ಪನಿಗೆ ಹೇಳಿ ಕಳಿಸಿದರು. ಅವನು ಚೀಲದಲ್ಲಿ ಉಳಿ, ಕತ್ತಿ ಹಾಕಿಕೊಂಡು ಬಂದ, ಹಿಂದೆ ಸರೋಜ. ಅವಳು ಅಭ್ಯಾಸದಂತೆ ಕಲ್ಲಿನ ಹತ್ತಿರವೇ ನಿಂತಳು. ಅವನು ಪಂಪು ಬಿಚ್ಚಿ, ಕೈ ಹಾಕಿ, ತೊಗಲು ಹೊರಗೆ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ನಡುವೆ ಸೀಳಿಹೋಗಿತ್ತು.

"ನೋಡಿ ಸಾಮೀ, ಅಳೇ ತೊಗಲು. ಉಗಾದಿಗೇ ಬದ್ಲಾಯ್ಸ್ಬೇಕು ಅಂದಿದ್ದೆ, ಯಾರೂ ಕೇಳ್ನಿಲ್ಲ. ಇದ್ರಾಗೆ ಮಗೀಂದು ಏನ್ ತಪ್ಪೈತೆ?"

ಎಲ್ಲರೂ ನೋಡಿದರು. ಕುರುಡರಿಗೂ ಕಾಣುವ ಹಾಗಿತ್ತು ಆ ಸೀಳು. ಆಗ ನಮ್ಮಜ್ಜಿ ಅಂದಳು, "ಸೀಳಿರೋದು ನಮ್ಗೂ ಕಾಣ್ತೈತೆ ಕಣಪ್ಪಾ. ನೆನ್ನೆ ಗಂಟ ಸೀಳ್ದೆ ಇದ್ದಿದ್ದು ಇವತ್ತು ಯಾಕ್ ಸೀಳ್ತು ಅಂತ ಕೇಳ್ತಾ ಇರೋದು."

ಮುನಿಯಪ್ಪ ತಾತನ ಮುಖ ನೋಡಿದ. ತಾತ ಆವತ್ತು ಎರಡನೇ ಪಾಳಿಗೆ ಹೋಗಬೇಕಿತ್ತು, ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಮೈನ್ಸಿನ ಆಳಕ್ಕೆ ಎಲ್ಲ ಜಾತಿಯವರ ಜೊತೆ ಒಂದೇ ಲಿಫ್ಟಿನ ತೊಟ್ಟಿಲಲ್ಲಿ ಇಳಿಯುತ್ತಿದ್ದವನು, ಒಂದೇ ಕ್ಯಾನಿನಲ್ಲಿ ನೀರು ಕುಡಿಯುತ್ತಿದ್ದವನು. ಒಮ್ಮೆ ಬಂಡೆ ಕುಸಿದಾಗ ತನ್ನನ್ನು ಹೊರಗೆ ಎಳೆದವನು ಯಾವ ಕೇರಿಯವನು ಅಂತ ತಾತನೇ ನನಗೆ ಹೇಳಿದ್ದ. ಆ ತಾತ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ತಲೆ ಎತ್ತಿ ಸೂರಿನ ತಗಡನ್ನು ನೋಡಿದ, ಎಲ್ಲೋ ಬೋಲ್ಟು ಸಡಿಲವಾಗಿದೆಯೇನೋ ಅನ್ನುವ ಹಾಗೆ. ಬಹಳ ಹೊತ್ತು ನೋಡಿದ. ಆಮೇಲೆ ಸೈಕಲ್ ಹತ್ತಿ ಹೋದ.

ಮುನಿಯಪ್ಪ ಹೊಸ ತೊಗಲು ಕತ್ತರಿಸಿ, ಎಣ್ಣೆ ಸವರಿ ಕೂರಿಸಿದ. ನೀರು ಭಳಕ್ಕನೆ ಬಂತು. ಅವನು ಕೈ ಕೂಡ ತೊಳೆಯದೆ ಉಳಿ ಕತ್ತಿ ಚೀಲಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟ. ಸರೋಜ ಒಂದು ಸಲ ತಿರುಗಿ ನನ್ನನ್ನು ನೋಡಿದಳು. ಅಜ್ಜಿ ಆಗಲೇ ಅರಿಶಿನದ ನೀರು ತಂದಿದ್ದಳು.

ಅವತ್ತಿನಿಂದ ಅವರ ಮನೆಯವರು ಪಂಪಿಗೆ ಬರಲಿಲ್ಲ. ಕೆರೆಯ ಕಾಲುವೆಯಿಂದಲೇ ಹೊರುತ್ತಿದ್ದರು, ದೂರ. ಮುಂದಿನ ವರ್ಷ ಸರೋಜನನ್ನು ಊರಿಗಾಂನ ಲೈನಿನಲ್ಲಿ, ಗಣಿ ಕೆಲಸದವರ ಸಾಲುಮನೆಯಲ್ಲಿ, ಇದ್ದ ಸೋದರತ್ತೆಯ ಮನೆಗೆ ಕಳಿಸಿಬಿಟ್ಟರು. ಆಮೇಲೆ ಆ ಹೊಸ ತೊಗಲೂ ಹರಿದಾಗ ಮುನಿಯಪ್ಪ ಬರಲಿಲ್ಲ, ಕರೆಯಲು ಯಾರಿಗೂ ಮುಖ ಇರಲಿಲ್ಲ. ತಾತ ಮೈನ್ಸಿನಿಂದ ರಬ್ಬರು ತಂದು ಹಾಕಿದ, ಅದು ಹಿಡಿಯಲಿಲ್ಲ. ಅರ್ಧ ನೀರು, ಅರ್ಧ ಗಾಳಿ. ಹಾಗೇ ಕೆಮ್ಮಿಕೊಂಡು ಒಂದೆರಡು ವರ್ಷ ಇತ್ತು, ಆಮೇಲೆ ನಿಂತುಹೋಯಿತು. ಪಂಚಾಯ್ತಿಯವರು ಟ್ಯಾಂಕು ಕಟ್ಟಿಸಿದರು, ಪಂಪಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ತಾತ ಮಾತ್ರ, ಆ ಬೆಳಗಿನಿಂದ ಕೊನೆಯವರೆಗೂ, ಕೆಲಸದಿಂದ ಬಂದರೆ ಮಂಟಪದಲ್ಲಿ ಕಾಲು ತೊಳೆಯುವುದನ್ನು ಬಿಟ್ಟುಬಿಟ್ಟಿದ್ದ. ಮೈನ್ಸಿನಲ್ಲೇ ಸ್ನಾನ ಮುಗಿಸಿ ಬರುತ್ತಿದ್ದ. ಯಾಕೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನನಗೆ ಬೇಕಾದ ಕಾರಣವನ್ನು ನಾನು ಅಂಟಿಸಿಕೊಂಡಿದ್ದೇನೆ, ಅಷ್ಟೇ. ತಾತ ಹೋದ, ಅಜ್ಜಿ ಹೋದಳು, ಮೈನ್ಸ್ ಮುಚ್ಚಿತು. ಜಗುಲಿ ಇದ್ದ ಜಾಗದಲ್ಲಿ ಈಗ ಮಂಜನ ಮನೆ, ಟೈಲ್ಸ್ ಹಾಕಿದ್ದು, ಕಾಲು ಜಾರುತ್ತದೆ. ಹಿತ್ತಾಳೆ ಬಿಂದಿಗೆ ಯಾರ ಪಾಲಿಗೆ ಹೋಯಿತೋ ಗೊತ್ತಿಲ್ಲ. ಹಳೆಯದು ಅಂತ ಉಳಿದದ್ದು ಆ ನಾಲ್ಕು ಹಳಿ, ಒಂದು ತಗಡು, ಕೆಳಗೆ ತುಕ್ಕು ಹಿಡಿದ ಪಂಪು.

ಅದನ್ನು ಕೀಳುತ್ತಾರೆ ಅಂದಾಗ ನನಗೆ ತಡೆಯಲಾಗಲಿಲ್ಲ. ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದೆ. ಮುತ್ತಾತ, ಎತ್ತಿನಗಾಡಿ, ಪಾಲಿನ ಮಡಕೆ, ಎಲ್ಲ ಬರೆದೆ. ಕಲ್ಲಿನ ವಿಷಯ ಬರೆಯಲಿಲ್ಲ. ಜನ ಮುಗಿಬಿದ್ದರು. ಉಳಿಸಿ ಉಳಿಸಿ ಅಂತ ಕಾಮೆಂಟು, ಕೈ ಮುಗಿಯುವ ಗೊಂಬೆ, ಅಳುವ ಗೊಂಬೆ. ಊರಿಗೆ ಬಂದು ನೋಡಿದವರು ಯಾರೂ ಇಲ್ಲ. ಒಂದು ಅರ್ಜಿ ಬರೆದು, ಮಂಜನನ್ನು ಎಳೆದುಕೊಂಡು ಮನೆಮನೆ ತಿರುಗಿ ಸಹಿ ಹಾಕಿಸಿದೆ. ಪಂಚಾಯ್ತಿ ಆಫೀಸಿನಲ್ಲಿ ಒಬ್ಬರು ಓದಿ ನೋಡಿ ಒಳ್ಳೆಯ ಮಾತಿನಲ್ಲೇ ಹೇಳಿದರು. "ಮೇಡಂ, ಘಟಕನ ದೇವಸ್ಥಾನದ ಹಿಂದಕ್ಕೆ ಹಾಕ್ಬೋದು, ಜಾಗ ಇದೆ. ಆದ್ರೆ ಅದು ಆಚೆ ಕೇರಿಗೆ ದೂರ ಆಗುತ್ತೆ. ಅವರು ಒಪ್ಪಿ ಸಹಿ ಹಾಕಿದ್ರೆ ನಮ್ಗೇನೂ ಅಡ್ಡಿ ಇಲ್ಲ." ಆಚೆ ಕೇರಿಯಲ್ಲಿ ಒಂದು ಸಹಿಯೂ ಬಿದ್ದಿರಲಿಲ್ಲ. "ಅಲ್ಲಿ ಎಲ್ರೂ ಸರೋಜಕ್ಕನ್ ಮಾತ್ ಕೇಳ್ತಾರೆ. ಅವ್ಳು ಊ ಅಂದ್ರೆ ಎಲ್ರೂ ಊ" ಅಂದ ಮಂಜ.

ಸರೋಜ ಊರಿಗಾಂನಲ್ಲಿ ಒಂದು ಇಡ್ಲಿ ಅಂಗಡಿ ನಡೆಸುತ್ತಾಳೆ. ಇಷ್ಟು ವರ್ಷದಲ್ಲಿ ಮದುವೆ, ಮುಂಜಿ, ಆಸ್ಪತ್ರೆ ಅಂತ ನಾವು ಎಷ್ಟೋ ಸಲ ಸಿಕ್ಕಿದ್ದೆವು. ಮಕ್ಕಳ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡಿದ್ದೆವು. ಪಂಪಿನ ಬಗ್ಗೆ ಒಂದು ದಿನವೂ ಇಲ್ಲ. ಮಂಗಳವಾರ ಬೆಳಗ್ಗೆ ಅರ್ಜಿ ಹಿಡಿದುಕೊಂಡು ಹೋದೆ.

"ಏನೇ ರತ್ನೀ, ದಾರಿ ಗೀರಿ ತಪ್ತಾ? ಪೇಟೆಯೋರು ನಮ್ ಅಂಗ್ಡಿಗೆಲ್ಲ ಬತ್ತೀರಾ?" ಅಂದು ಬೆಂಚು ಒರೆಸಿದಳು. ಒಂದು ಕಡೆ ಗಿರಾಕಿಗೆ ತಮಿಳಿನಲ್ಲಿ ಸಾಂಬಾರು ಕೇಳುತ್ತಾ, ಇನ್ನೊಂದು ಕಡೆ ತೆಲುಗಿನಲ್ಲಿ ಹುಡುಗಿಯೊಬ್ಬಳನ್ನು ಗದರುತ್ತಾ, ಅರ್ಜಿ ಪೂರ್ತಿ ಓದಿದಳು. ಮಡಿಚಿ ನನ್ನ ಪಕ್ಕದಲ್ಲಿಟ್ಟಳು.

"ಚೆಂದಾಗ್ ಬರ್ದಿದ್ದೀಯಾ. ಫೋನಾಗೂ ನೋಡ್ದೆ, ನನ್ ಮಗ್ಳು ತೋರ್ಸಿದ್ಳು. ‘ಎಲ್ಲರಿಗೂ ನೆರಳು ಕೊಟ್ಟ ಮಂಟಪ’ ಅಂತ ಆಕಿದ್ದೀಯಲ್ಲ, ಯಾವ್ ಎಲ್ರಿಗೇ?"

ನಾನು ಬೆಂಚಿನ ಮೇಲಿದ್ದ ಅರ್ಜಿಯನ್ನು ನನ್ನ ಕಡೆಗೆ ಸರಿಸಿಕೊಂಡೆ.

"ನಂಗೂ ಸಿಕ್ಕೈತೆ ಬಿಡು ನೆರಳು. ಬೆಳಗ್ಗೆ ಬಿಸ್ಲು ಏಳೋ ವೊತ್ನಾಗೆ ಸೂರಿನ ನೆರಳು ವಾಲ್ಕೊಂಡು ನಮ್ ಕಲ್ಲಿನ್ ಗಂಟ ಬರ್ತಿತ್ತು. ಅದಕ್ಕೇ ನಾನು ಆ ವೊತ್ಗೇ ಬರ್ತಿದ್ದಿದ್ದು. ನಿಮ್ಗೆ ಗೊತ್ತಿರ್ಲಿಲ್ಲ, ನೀವು ಒಳಗಿದ್ರಿ."

"ಸರೋಜ, ಅವತ್ತು ನಾನು..."

"ಗೊತ್ತು ಬಿಡೇ. ನಿನ್ ಬಾಯಿಂದ್ಲೇ ಬಂದಿದ್ದು ಅಂತ ಅವತ್ತೇ ಗೊತ್ತು. ಇನ್ನೇನ್ ನಿಮ್ಮಜ್ಜಿಗೆ ಕನಸ್ ಬಿದ್ದಿತ್ತಾ?" ನಕ್ಕಳು. ತಟ್ಟೆಗೆ ಎರಡು ಇಡ್ಲಿ ಹಾಕಿದಳು, ಚಟ್ನಿ ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ಒಂದ್ ಮಾತ್ ಏಳ್ತೀನಿ, ನಗ್ಬೇಡ. ಅವತ್ತು ಮಡಕೆ ತುಂಬ್ಸೋಕೆ ಒಳಕ್ಕೆ ಓದ್ನಲ್ಲಾ, ಆ ಚಪ್ಪಡಿ ಕಾಲ್ಗೆ ಎಂಗ್ ತಣ್ಣಗಿತ್ತು ಅಂತೀಯಾ. ಆಚೆ ನೆಲ ಕೆಂಡ, ಒಳ್ಗೆ ಐಸು. ಮಡಕೆ ತುಂಬಿದ್ ಮ್ಯಾಲೂ ಒಂದ್ ಗಳಿಗೆ ಅಂಗೇ ನಿಂತಿದ್ದೆ. ಅಷ್ಟ್ ತಣ್ಣನೆ ಜಾಗ ಆಮ್ಯಾಕೆ ನಾನು ಎಲ್ಲೂ ನೋಡ್ಲಿಲ್ಲ ಕಣೇ."

"ಹಾಗಾದ್ರೆ ಸಹಿ..."

"ಸೈನ್ ಆಕಲ್ಲ. ನಮ್ಮೋರು ದೇವಸ್ಥಾನ ಸುತ್ಕೊಂಡು ಯಾಕ್ ನೀರ್ ಒರ್ಬೇಕು? ಊರ್ ಮಧ್ಯೆ ಬರ್ಲಿ. ಕೋಪ ಮಾಡ್ಕೋಬೇಡ. ತಿನ್ನು, ಆರೋಗ್ತೈತೆ."

ತಿಂದೆ. ಏನು ಮಾಡಲಿ? ಅರ್ಜಿಯ ಮೇಲೆ ಚಟ್ನಿಯ ಹನಿ ಬಿದ್ದಿತ್ತು, ಹಾಗೇ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ದಾರಿಯುದ್ದಕ್ಕೂ ಪ್ರಯತ್ನಪಟ್ಟೆ. ಬರಲಿಲ್ಲ. ಮಂಟಪವನ್ನು ಬಿಟ್ಟುಕೊಡಲೂ ಮನಸ್ಸು ಬರಲಿಲ್ಲ. ಅವಳು ಹೇಳಿದ್ದು ಸರಿ ಅಂತ ಗೊತ್ತು, ಆದರೂ ಆ ತಗಡು ಬೇಕು, ಆ ಕಂಬ ಬೇಕು, ಬೆಲ್ಲಿನ ಸದ್ದು ಬೇಕು. ಎರಡೂ ನನ್ನ ಒಳಗೇ ಇದ್ದವು, ಒಂದು ಇನ್ನೊಂದನ್ನು ಗೆಲ್ಲಲಿಲ್ಲ.

ಬುಧವಾರ ಹತ್ತು ಗಂಟೆಗೆ ಜೆಸಿಬಿ ಬಂತು. ಅದಕ್ಕೂ ಮೊದಲೇ ಮಂಜ ಇನ್ನಿಬ್ಬರ ಜೊತೆ ಹತ್ತಿ ತಗಡು ಬಿಚ್ಚಿ ಕೆಳಗಿಳಿಸಿದ್ದ. ತಗಡು ನೆಲಕ್ಕೆ ಬಿದ್ದಾಗ ಬಂದ ಸದ್ದಿಗೆ ಎದುರು ಮನೆಯ ನಾಯಿ ಒಂದೇ ಸಮ ಬೊಗಳಿತು. ಪಂಪನ್ನು ಚೈನು ಕಟ್ಟಿ ಎಳೆದರು, ಕೊಳವೆಯ ಸಮೇತ ಬಂತು. ಬಾವಿಯ ಬಾಯಿಯಿಂದ ಒಂದು ತಣ್ಣನೆಯ ಗಾಳಿ ಬಂದು ನನ್ನ ಕಾಲಿಗೆ ತಗುಲಿತು, ಆಮೇಲೆ ಅದೂ ಇಲ್ಲ. ಪಂಪು ಮಣ್ಣಿನ ಮೇಲೆ ಮಗ್ಗುಲಾಗಿ ಮಲಗಿತ್ತು. ಅದರ ಹೊಟ್ಟೆಯ ಮೇಲಿನ ಅಕ್ಷರ ಹುಡುಕಿದೆ. ಎ ಒಂದು ಸಿಕ್ಕಿತು, ಉಳಿದದ್ದೆಲ್ಲ ಸವೆದುಹೋಗಿತ್ತು.

ಕಂಬ ಕೀಳುವ ಹೊತ್ತಿಗೆ ಬೇತಮಂಗಲದ ಬಸ್ಸು ಬಂತು. ಸರೋಜ ಇಳಿದಳು. ಅಂಗಡಿಗೆ ಬಾಗಿಲು ಹಾಕಿ ಬಂದಿದ್ದಳೋ, ಯಾರಿಗಾದರೂ ಒಪ್ಪಿಸಿ ಬಂದಿದ್ದಳೋ ಕೇಳಲಿಲ್ಲ. ಬಂದವಳು ಮೊದಲು ಆ ದಪ್ಪ ಕಲ್ಲಿನ ಹತ್ತಿರವೇ ನಿಂತಳು. ನಾಲ್ಕು ಹಳಿಗಳು ಬರೀ ಆಕಾಶ ಹೊತ್ತುಕೊಂಡು ನಿಂತಿದ್ದವು.

"ಅಮ್ಮಾ, ಜರುಗಿ ಜರುಗಿ, ಯಂತ್ರ ತಿರುಗ್ತೈತೆ" ಅಂತ ಜೆಸಿಬಿಯವನು ಕೂಗಿದ.

"ಇರಪ್ಪಾ, ಒಂದ್ ನಿಮ್ಷ ಇರು. ನಿನ್ ಯಂತ್ರ ಎಲ್ಗೂ ಓಡೋಗಲ್ಲ."

ಚಪ್ಪಲಿ ಬಿಟ್ಟಳು. ಎರಡು ಮಾರು ನಡೆದು ಚಪ್ಪಡಿಯ ಮೇಲೆ ಬಂದು, ಮೂಲೆಯಲ್ಲಿ, ಪಾಲಿನ ಮಡಕೆ ಇರುತ್ತಿದ್ದ ಕಡೆ ನಿಂತಳು. ತಡೆಯುವವರು ಯಾರೂ ಇರಲಿಲ್ಲ, ಹಾಗೆ ನೋಡಿದರೆ ಎಷ್ಟೋ ವರ್ಷಗಳಿಂದ ಯಾರೂ ಇರಲಿಲ್ಲ. ಆದರೂ ಅವಳು ಬಂದಿರಲಿಲ್ಲ. ಕಾಲು ಊರಿದವಳು ತಕ್ಷಣ ಒಂದು ಪಾದ ಎತ್ತಿದಳು, ಮತ್ತೆ ಇಟ್ಟಳು, ಇನ್ನೊಂದನ್ನು ಎತ್ತಿದಳು. ಬೆಳಗಿನಿಂದ ಬಿಸಿಲು ನೇರ ಬಿದ್ದಿತ್ತು.

"ಸುಡ್ತೈತಲ್ಲೇ ರತ್ನೀ" ಅಂದಳು.

ಅವಳ ಮುಖದಲ್ಲಿ ಇದ್ದದ್ದು ಏನು ಅಂತ ಬರೆಯಲು ನನಗೆ ಬರುವುದಿಲ್ಲ. ಕ್ಷಮಿಸು ಅಂತ ಬಾಯಿಗೆ ಬಂದದ್ದನ್ನು ಹೇಳಲೂ ಬರಲಿಲ್ಲ. ಅದನ್ನು ಹೇಳಿ ಆ ಚಪ್ಪಡಿಯನ್ನು ತಣ್ಣಗೆ ಮಾಡಲು ಆಗುತ್ತಿರಲಿಲ್ಲ. ನಾನೂ ಚಪ್ಪಲಿ ಬಿಟ್ಟೆ. ಹೋಗಿ ಅವಳ ಪಕ್ಕದಲ್ಲಿ ನಿಂತೆ.

ಸುಡುತ್ತಿತ್ತು.